ಮಗಳು ಒಪ್ಪಿ ಬಂದ್ಳಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನ್ಯೂಜೆರ್ಸಿಯಿಂದ ಶಿರಸಿಗೆ ವಾಪಸ್ ಬಂದ ಮೇಲೆ ಮದುವೆಮನೇಲಿ, ಫೋನಲ್ಲಿ, ವಾಟ್ಸಾಪಲ್ಲಿ ಎಲ್ಲರೂ ಕೇಳೋದು ಇದೊಂದೇ: "ಅಷ್ಟು ದೊಡ್ಡ ಮಗಳನ್ನ ಕರ್ಕೊಂಡು ಬಂದ್ಬಿಟ್ರಲ್ಲ, ಅವಳು ಒಪ್ಪಿದ್ಳಾ? ನಮ್ಗೂ ಬರೋ ಮನಸ್ಸಿದೆ, ಮಗ ಸುತಾರಾಂ ಬರಲ್ಲ ಅಂತಾನೆ, ಏನ್ ಮಾಡೋದು?"

ಒಪ್ಪಿರ್ಲಿಲ್ಲ. ಹದಿಮೂರು ವರ್ಷದ ಹುಡುಗಿ, ಇರೋಬರೋ ಫ್ರೆಂಡ್ಸೆಲ್ಲ ಅಲ್ಲೇ ಇರುವಾಗ ಯಾಕೆ ಒಪ್ಪಬೇಕು ಹೇಳಿ. ನಾವು ಬರೋದಕ್ಕೆ ಕಾರಣ ನನ್ನ ಅಪ್ಪ ಅಮ್ಮ, ತೋಟದ ಮನೇಲಿ ಇಬ್ಬರೇ ಇದ್ದರು. ಅಪ್ಪನಿಗೆ ರಾತ್ರಿ ಎದೆನೋವು ಬಂದಾಗ ಹುಬ್ಬಳ್ಳಿಗೆ ಕರ್ಕೊಂಡು ಹೋಗಿದ್ದು ಪಕ್ಕದ ಮನೆಯವರು. ಉತ್ತರ ಕನ್ನಡ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ನಮ್ಮ ಜನ ಎಷ್ಟೋ ವರ್ಷದಿಂದ ಕೇಳ್ತಾನೇ ಇದ್ದಾರೆ, ಈಗಲೂ ದೊಡ್ಡ ಕಾಯಿಲೆ ಅಂದ್ರೆ 100 ಕಿ.ಮೀ. ಹುಬ್ಬಳ್ಳಿ, ಇಲ್ಲಾ ಘಟ್ಟ ಇಳಿದು ಮಣಿಪಾಲ. ಇದು ದೊಡ್ಡವರ ಕಾರಣ, ಅವಳದ್ದಲ್ಲ. ಹಾಗಾಗಿ ನಾನು ಹೇಳೋದು ಇಷ್ಟೇ, ಮಕ್ಕಳು ಒಪ್ಪಲಿ ಅಂತ ಕಾಯ್ತಾ ಕೂತ್ರೆ ವರ್ಷ ಜಾರಿ ಹೋಗ್ತದೆ, ಆದ್ರೆ ಒಪ್ಪಿಸೋಕೆ ಅಂತ ಒಂದು ಸುಳ್ಳೂ ಹೇಳಬೇಡಿ. ಒಪ್ಪದೇ ಬಂದ ಮಕ್ಕಳು ನಿಧಾನಕ್ಕೆ ಹೊಂದಿಕೊಳ್ತಾರೆ, ಮೋಸ ಹೋದೆ ಅಂತ ಅನ್ನಿಸಿದ ಮಕ್ಕಳನ್ನ ಹತ್ತಿರ ತಗೊಳ್ಳೋದು ಬಹಳ ಕಷ್ಟ.

ವಿಷಯ ಹೇಳಿದಾಗ ಅವಳು ಎರಡು ದಿನ ಮಾತಾಡಲಿಲ್ಲ. ಆಮೇಲೆ ನೋಟ್‌ಬುಕ್ಕಿನ ಹಾಳೆ ಹರಿದು ಪ್ರಶ್ನೆ ಬರ್ಕೊಂಡು ಬಂದ್ಳು. ನನ್ನ ರೂಮಿಗೆ ಬಾಗಿಲು ಇರ್ತದಾ, ಒಳಗಿಂದ ಚಿಲಕ ಹಾಕಬಹುದಾ? ಸಾಕರ್ ಟೀಮ್ ಇದೆಯಾ? ಕನ್ನಡ ಓದೋಕೆ ಬರದಿದ್ರೆ ನಗ್ತಾರಾ? ನನಗೆ ಇಷ್ಟವೇ ಆಗದಿದ್ರೆ? ಒಂದೊಂದಕ್ಕೂ ಕೂತು ಉತ್ತರ ಕೊಟ್ವಿ. ಬಾಗಿಲು ಮಾಡಿಸ್ತೇವೆ ಅಂತ ಹೇಳಿ ನಾವು ಬರೋ ಮೊದಲೇ ಮಹಡಿ ಮೇಲೆ ರೂಮು ಮಾಡಿಸಿದ್ವಿ, ನಮ್ಮ ಕಡೆ ಹಳೇ ಮನೇಲಿ ಹಗಲು ಯಾರೂ ಬಾಗಿಲು ಹಾಕೋದಿಲ್ಲ, ಮೊಮ್ಮಗಳು ಚಿಲಕ ಹಾಕ್ಕೊಂಡ್ರೆ ಬೇಜಾರು ಮಾಡ್ಕೋಬೇಡ ಅಂತ ಅಮ್ಮನಿಗೂ ಮೊದಲೇ ಹೇಳಿಟ್ವಿ. ಹುಡುಗಿಯರ ಸಾಕರ್ ಟೀಮ್ ಇಲ್ಲ, ಇಲ್ಲ ಅಂತಲೇ ಹೇಳಿದ್ವಿ. ಅದು ಅವಳಿಗೆ ನಿಜವಾದ ನಷ್ಟ, ಬದಲಿಗೆ ಅದು ಕೊಡಿಸ್ತೇನೆ ಇದು ಕೊಡಿಸ್ತೇನೆ ಅಂತ ಸಮಾಧಾನ ಮಾಡೋಕೆ ಹೋಗಲಿಲ್ಲ. ಕೊನೇ ಪ್ರಶ್ನೆಗೆ ಉತ್ತರ, ನೀನು ಅಲ್ಲಿಯ ಸಿಟಿಜನ್, ಕಾಲೇಜಿಗೆ ವಾಪಸ್ ಹೋಗಬಹುದು, ಆದ್ರೆ ಅಪ್ಪ ಅಮ್ಮ ಆ ಸ್ಟೇಟಲ್ಲಿ ಇಲ್ಲದಿದ್ರೆ ಅಲ್ಲಿಯವರ ಕಡಿಮೆ ಫೀಸು ಸಾಮಾನ್ಯವಾಗಿ ಸಿಗೋದಿಲ್ಲ, ಖರ್ಚು ಜಾಸ್ತಿ ಆಗ್ತದೆ. ಅದನ್ನೂ ಮುಚ್ಚಿಡಲಿಲ್ಲ.

ಇನ್ನೊಂದು, ಮಕ್ಕಳಿಗೆ ಡಿಸೆಂಬರಿನ ಊರು ತೋರಿಸಿ ಇದೇ ಊರು ಅಂತ ನಂಬಿಸಬೇಡಿ. ಡಿಸೆಂಬರಲ್ಲಿ ಚಳಿ, ಮದುವೆ, ಯಕ್ಷಗಾನದ ಆಟ, ಮನೆ ತುಂಬ ನೆಂಟರು, ಯಾರಿಗೆ ಇಷ್ಟ ಆಗೋಲ್ಲ? ಜುಲೈಯಲ್ಲಿ ಕರ್ಕೊಂಡು ಬನ್ನಿ. ಬಟ್ಟೆ ಒಣಗೋಲ್ಲ, ತೋಟಕ್ಕೆ ಕಾಲಿಟ್ರೆ ಉಂಬಳ (ಜಿಗಣೆ), ಕರೆಂಟು ಹೋದ್ರೆ ಯಾವಾಗ ಬರ್ತದೆ ಅಂತ ಗೊತ್ತಿಲ್ಲ, ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದು ಕುಮಟಾ ರಸ್ತೆ ಬಂದ್ ಆಗೋದೂ ಉಂಟು. ಇದನ್ನು ನೋಡಿಯೂ ಇರಬಹುದಪ್ಪ ಅಂತ ಅನ್ನಿಸಿದ್ರೆ ಮಿಕ್ಕಿದ್ದು ಹೇಗೂ ಆಗ್ತದೆ. ನಮ್ಮವಳಿಗೆ ಮಳೆ ತೊಂದರೆ ಆಗಲೇ ಇಲ್ಲ, ಡಿಸಿ ಶಾಲೆಗೆ ರಜೆ ಕೊಟ್ಟಿದ್ದಾರೆ ಅಂತ ಬೆಳಿಗ್ಗೆ ಮೆಸೇಜ್ ಬಂದ್ರೆ ಎಲ್ಲ ಮಕ್ಕಳ ಹಾಗೆ ಅವಳಿಗೂ ಖುಷಿ.

ಯಾವ ಕ್ಲಾಸಿಗೆ ಬರಬೇಕು ಅಂದ್ರೆ, ಎಂಟಕ್ಕೆ, ತಡ ಅಂದ್ರೂ ಒಂಬತ್ತಕ್ಕೆ. ಸಿಬಿಎಸ್‌ಇಯಲ್ಲಿ ಒಂಬತ್ತು ಹತ್ತು ಸೇರಿ ಎರಡು ವರ್ಷದ ಒಂದೇ ಕೋರ್ಸು, ಬೋರ್ಡಿಗೆ ರಿಜಿಸ್ಟ್ರೇಶನ್ ಒಂಬತ್ತರಲ್ಲೇ ಆಗ್ತದೆ, ನೇರ ಹತ್ತಕ್ಕೆ ಸೇರಿಸ್ತೇವೆ ಅಂದ್ರೆ ಬಹಳ ತಾಪತ್ರಯ. ಅದು ತಪ್ಪಿದ್ರೆ ಹತ್ತು ಅಲ್ಲೇ ಮುಗಿಸಿ ಹನ್ನೊಂದಕ್ಕೆ ಬನ್ನಿ. ಅಮೆರಿಕದಲ್ಲಿ ನಮ್ಮ ಥರ ಟಿಸಿ ಅಂತ ಕೊಡೋದಿಲ್ಲ, ಇಂಥ ಕ್ಲಾಸ್ ಮುಗಿಸಿ ಬಿಟ್ಟಿದ್ದಾಳೆ ಅಂತ ಸ್ಕೂಲಿನ ಲೆಟರ್‌ಹೆಡ್ಡಲ್ಲಿ ಬರೆಸಿ, ಮಾರ್ಕ್ಸ್ ಕಾರ್ಡಿನ ಜೊತೆ ಅಪೊಸ್ಟಿಲ್ (ಬೇರೆ ದೇಶದಲ್ಲೂ ನಡೆಯೋ ಸರ್ಕಾರಿ ದೃಢೀಕರಣ) ಮಾಡಿಸಿಕೊಂಡೇ ಹೊರಡಿ, ಇಲ್ಲಿಂದ ಮಾಡಿಸೋದು ಕಷ್ಟ. ಮೆಡಿಕಲ್ಲು ಅಂತ ಇದ್ರೆ ಮಕ್ಕಳ ಓಸಿಐ ಕಾರ್ಡಿನ (ವಿದೇಶಿ ಪಾಸ್‌ಪೋರ್ಟ್ ಇರೋ ಭಾರತ ಮೂಲದವರಿಗೆ ಕೊಡೋ ಕಾರ್ಡು) ತಾರೀಖು ನೋಡಿ. 2021ರ ಮಾರ್ಚ್ 4ರ ನೋಟಿಫಿಕೇಶನ್ ಪ್ರಕಾರ ಓಸಿಐ ಮಕ್ಕಳಿಗೆ ಎನ್‌ಆರ್‌ಐ ಸೀಟು ಇತ್ಯಾದಿ ಮಾತ್ರ, ಅದಕ್ಕೂ ಮೊದಲೇ ಕಾರ್ಡ್ ಆದವರಿಗೆ ಇದು ಅನ್ವಯಿಸೋದಿಲ್ಲ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಸಿಇಟಿಗೆ ಕರ್ನಾಟಕದಲ್ಲಿ 7 ವರ್ಷ ಓದಿರಬೇಕು ಅನ್ನೋ ನಿಯಮವೂ ಇದೆ, ಬೇರೆ ನಿಯಮಗಳೂ ಇವೆ, ಸಿಇಟಿ ನಡೆಸೋ ಕೆಇಎಯ ಬ್ರೋಷರನ್ನ ನೀವೇ ಓದಿ, ಯಾರೋ ಹೇಳಿದ್ರು ಅಂತ ನಂಬಬೇಡಿ. ಎನ್‌ಆರ್‌ಇ (ವಿದೇಶದಲ್ಲಿರೋರ ಬ್ಯಾಂಕ್) ಅಕೌಂಟನ್ನ ರೆಸಿಡೆಂಟ್ ಮಾಡಿಸೋದು, ಟ್ಯಾಕ್ಸು, ಇದಕ್ಕೆಲ್ಲ ಒಬ್ಬ ಒಳ್ಳೆ ಆಡಿಟರ್ ಹಿಡ್ಕೊಳ್ಳಿ ಸಾಕು.

ಪಾಠಕ್ಕಿಂತ ಅವಳಿಗೆ ಕಷ್ಟ ಆಗಿದ್ದು ಬರೆಯೋದು. ಅಲ್ಲಿ ಎಲ್ಲ ಟೈಪಿಂಗ್, ಇಲ್ಲಿ ಮೂರು ಗಂಟೆ ಕೂತು ಪೆನ್ನಲ್ಲಿ 80 ಮಾರ್ಕ್ಸಿನ ಪೇಪರ್ ಬರೀಬೇಕು. ಉತ್ತರ ಗೊತ್ತಿದ್ದೂ ಕೊನೇ ಎರಡು ಪ್ರಶ್ನೆ ಬಿಟ್ಟು ಬರ್ತಿದ್ಳು, ಬೆರಳು ನೋಯ್ತದೆ ಅಂತ ಅಳ್ತಿದ್ಳು. ಬರೋ ಮೊದಲು ಟ್ಯೂಶನ್ ಹುಡುಕೋದು ಬಿಡಿ, ದಿನಾ ಒಂದು ಪುಟ ಕೈಯಲ್ಲಿ ಬರೆಸಿ. ಕನ್ನಡ ಮನೇಲಿ ಮಾತಾಡ್ತಿದ್ಳು, ಓದೋಕೆ ಬರ್ತಿರ್ಲಿಲ್ಲ, ಇಲ್ಲಿ ಕನ್ನಡ ಕಲಿಕೆ ಕಾಯ್ದೆ ಇರೋದ್ರಿಂದ ಸಿಬಿಎಸ್‌ಇ ಆದ್ರೂ ಸಾಮಾನ್ಯವಾಗಿ ಕನ್ನಡ ತಪ್ಪೋದಿಲ್ಲ, ತಪ್ಪಬಾರದು ಅಂತಲೇ ನನ್ನ ಅಭಿಪ್ರಾಯ. ಅವಳಿಗೆ ಓದು ಕೂಡಿ ಬಂದಿದ್ದು ಬಸ್ ಸ್ಟ್ಯಾಂಡಲ್ಲಿ. ಬಸ್ಸಿನ ಬೋರ್ಡು ಕನ್ನಡದಲ್ಲೇ ಇರ್ತದಲ್ಲ, ಹೆಗಡೆಕಟ್ಟಾ, ವಾನಳ್ಳಿ, ಮತ್ತಿಘಟ್ಟ, ಓದದಿದ್ರೆ ಬೇರೆ ಊರಿಗೆ ಹೋಗ್ತಾಳೆ. ಒತ್ತಕ್ಷರ ಎಲ್ಲ ಆ ಬೋರ್ಡುಗಳಿಂದಲೇ ಬಂತು.

ಅದೇ ಬಸ್ಸಿಂದ ಅವಳ ಮನಸ್ಸೂ ಸ್ವಲ್ಪ ತಿರುಗಿತು ಅಂತ ನನಗೆ ಅನ್ನಿಸ್ತದೆ. ಅಲ್ಲಿ ಫ್ರೆಂಡ್ ಮನೆಗೆ ಹೋಗ್ಬೇಕಂದ್ರೂ ನಾನೇ ಕಾರಲ್ಲಿ ಬಿಡಬೇಕಿತ್ತು. ಓಸಿಐ ಇದ್ದವರಿಗೂ 182 ದಿನ ಇಲ್ಲಿದ್ದ ಮೇಲೆ ಆಧಾರ್ ಸಿಗ್ತದೆ, ಅದು ಬಂದ ದಿನ ತಾನೇ ಕಂಡಕ್ಟರಿಗೆ ತೋರಿಸಿ ಹೆಂಗಸರ ಫ್ರೀ ಬಸ್ಸಿನ ಝೀರೋ ಟಿಕೆಟ್ ತಗೊಂಡು ಪೇಟೆಗೆ ಹೋಗಿ ಬಂದ್ಳು, ಆ ಟಿಕೆಟ್ಟಿನ ಫೋಟೋ ನ್ಯೂಜೆರ್ಸಿ ಫ್ರೆಂಡ್ಸಿಗೆಲ್ಲ ಹೋಯ್ತು.

ಈಗಲೂ ಅವಳಿಗೆ ನೋವಾಗೋದು ಒಂದೇ ಮಾತಿಗೆ. ಮನೆಗೆ ಬಂದವರು ಪ್ರೀತಿಯಿಂದಲೇ "ತಂಗಿ, ಯಾವಾಗ ವಾಪಸ್ ಹೋಗ್ತೆ?" ಅಂತ ಕೇಳ್ತಾರೆ. ದಯವಿಟ್ಟು ಕೇಳಬೇಡಿ. ಆ ಮಾತು ಕೇಳಿದ ದಿನ ಅವಳು ಊಟಕ್ಕೆ ಕೆಳಗೆ ಬರೋದು ತಡ ಆಗ್ತದೆ.

ನಿಮ್ಮ ಮಗ ಬರಲ್ಲ ಅಂತಾನೆ ಅಂದ್ರೆ, ಯಾಕೆ ಅಂತ ಅವನ ಕೈಲೇ ಬರೆಸಿ. ಈ ಜುಲೈಗೆ ಕರ್ಕೊಂಡು ಬನ್ನಿ, ನಮ್ಮನೇಲೇ ಉಳ್ಕೊಳ್ಳಿ. ಅವನ ಹತ್ರ ಮಾತಾಡ್ತೀಯಾ ಅಂತ ಮಗಳನ್ನ ಕೇಳಿದ್ದೇನೆ, ಆಯ್ತು ಅಂದಿದ್ದಾಳೆ, ದೊಡ್ಡವರು ಯಾರೂ ರೂಮಲ್ಲಿ ಇರಬಾರದು ಅಂತ ಕಂಡೀಷನ್ ಹಾಕಿದ್ದಾಳೆ.