ರೇಸಿಮಿಕ್ ಅಂದರೆ ದ್ರಾಕ್ಷಿ ಗೊಂಚಲು

ಪಿಯುಸಿ ಬಯಾಲಜಿಯಲ್ಲಿ ಸಾಸಿವೆ ಹೂಗೊಂಚಲನ್ನು ರೇಸಿಮೋಸ್ ಅಂತಾರೆ. ಕೆಮಿಸ್ಟ್ರಿಯಲ್ಲಿ ಎಡಗೈ-ಬಲಗೈ ಹಾಗೆ ಒಂದಕ್ಕೊಂದು ಕನ್ನಡಿ ಬಿಂಬದಂತಿರುವ ಎಡ-ಬಲ ಅಣುಗಳ ಸಮಪಾಲು ಬೆರಕೆ ರೇಸಿಮಿಕ್. ಎರಡಕ್ಕೂ ಮೂಲ ಲ್ಯಾಟಿನ್ನಿನ ರೇಸಿಮಸ್, ಅಂದರೆ ದ್ರಾಕ್ಷಿ ಗೊಂಚಲು.

1820ರ ಆಸುಪಾಸಿನಲ್ಲಿ ಫ್ರಾನ್ಸಿನ ಥಾನ್ ಊರಿನ ಕೆಸ್ಟ್ನರ್ ಕಾರ್ಖಾನೆಯಲ್ಲಿ ಟಾರ್ಟಾರಿಕ್ ಆಮ್ಲದ ಜೊತೆ ಇನ್ನೊಂದು ಆಮ್ಲವೂ ಸಿಕ್ಕಿತು. ಕಚ್ಚಾಮಾಲು ವೈನ್ ಪೀಪಾಯಿಯ ಗಷ್ಟು. ಹಾಗಾಗಿ 1826ರಲ್ಲಿ ರಸಾಯನಶಾಸ್ತ್ರಜ್ಞ ಗೇ-ಲುಸಾಕ್ ಇದನ್ನು ರೇಸಿಮಿಕ್ ಆಮ್ಲ ಎಂದು ಕರೆದ. ಆದರೆ ದ್ರಾಕ್ಷಿ ತಯಾರಿಸುವುದು ಬಲಮುರಿ, ಅಂದರೆ ಬೆಳಕನ್ನು ಬಲಕ್ಕೆ ತಿರುಗಿಸುವ ಆಮ್ಲವನ್ನಷ್ಟೇ. ಬೆರಕೆ ಆಗುವುದು ವಿಪರೀತ ಕಾಯಿಸಿದಾಗ. ದೇವನಹಳ್ಳಿಯ ಬೆಂಗಳೂರು ಬ್ಲೂ ಎಷ್ಟೇ ಹುಳಿ ಇರಲಿ, ಅದರಲ್ಲಿ ಈ ಬೆರಕೆ ಹುಡುಕಬೇಡಿ. ಅಂಗಡಿಯಲ್ಲಿ ಸಿಗುವ ಟಾರ್ಟಾರಿಕ್ ಆಮ್ಲವೂ ಸಾಮಾನ್ಯವಾಗಿ ದ್ರಾಕ್ಷಿಯದ್ದೇ. ಎಡ-ಬಲ ಹರಳುಗಳನ್ನು ಕೈಯಿಂದ ಆರಿಸಿ ಬೇರ್ಪಡಿಸುವ ಲೂಯಿ ಪಾಶ್ಚರ್ ಪ್ರಯೋಗಕ್ಕೆ ಅದರಿಂದ ಇಳಿದರೆ ಒಂದೇ ಕೈಯ ಹರಳು ಬರುತ್ತವೆ. ಬಾಟಲಿಯ ಮೇಲೆ 'ಡಿಎಲ್' (ಎಡ-ಬಲ ಬೆರಕೆ) ಅಂತ ಇರಲೇಬೇಕು.

1848ರಲ್ಲಿ ಪಾಶ್ಚರ್ ಬೇರ್ಪಡಿಸಿದ್ದು ರೇಸಿಮಿಕ್ ಆಮ್ಲದ ಸೋಡಿಯಂ ಅಮೋನಿಯಂ ಲವಣವನ್ನು. ಲ್ಯಾಬಿನಲ್ಲಿ ಮಾಡುವುದಾದರೆ, ನೀರಿನಂಶವಿಲ್ಲದ 15 ಗ್ರಾಂ ಡಿಎಲ್ ಆಮ್ಲವನ್ನು ಎರಡು ಸಮಭಾಗ ಮಾಡಿ. ಒಂದನ್ನು 4 ಗ್ರಾಂ ಕಾಸ್ಟಿಕ್ ಸೋಡಾದ ದ್ರಾವಣದಿಂದ, ಇನ್ನೊಂದನ್ನು ಅಮೋನಿಯಾ ದ್ರಾವಣದಿಂದ ತಟಸ್ಥಗೊಳಿಸಿ. ಸೋಡಾ ದ್ರಾವಣ ಚೆನ್ನಾಗಿ ಬಿಸಿಯಾಗುತ್ತದೆ. ಪೂರ್ತಿ ತಣಿಸದೆ ಎರಡನ್ನೂ ಬೆರೆಸಿದರೆ ಅಮೋನಿಯಾ ಹಾರಿಹೋಗಿ ಲೆಕ್ಕ ತಪ್ಪುತ್ತದೆ. ಬೆರೆಸಿದ ಮೇಲೆ ಸೋಸಿ, ಫಿಲ್ಟರ್ ಪೇಪರ್ ಮುಚ್ಚಿ, ಅಲುಗಾಡದ ಕಡೆ ಇಡಿ.

ಉಷ್ಣತೆಯಲ್ಲೇ ಎಡವುವುದು. 27 ಡಿಗ್ರಿಗಿಂತ ಕೆಳಗೆ ಎಡದ ಹರಳು, ಬಲದ ಹರಳು ಬೇರೆ ಬೇರೆಯಾಗಿ ಬೆಳೆಯುತ್ತವೆ. ಹರಳುಶಾಸ್ತ್ರದಲ್ಲಿ ಇದು ಕಾಂಗ್ಲೊಮರೇಟ್. ಅದಕ್ಕಿಂತ ಮೇಲೆ ಎರಡೂ ಕೈಯ ಅಣುಗಳು ಒಂದೇ ಹರಳೊಳಗೆ ಕೂರುತ್ತವೆ. ಆ ಹರಳನ್ನು ಚಿಮುಟದಿಂದ ಎಷ್ಟು ಆರಿಸಿದರೂ ಪ್ರಯೋಜನವಿಲ್ಲ. ಬೆಂಗಳೂರಿನ ಡಿಸೆಂಬರ್ ಚಳಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಏಪ್ರಿಲ್‌ನಲ್ಲಿ ಎಸಿ ಕೋಣೆಯಿಲ್ಲದೆ ಕೈಹಾಕಬೇಡಿ, ರಾತ್ರಿ ಎಸಿ ಆರಿಸುವ ಲ್ಯಾಬಾದರೆ ಅದನ್ನೂ ನಂಬಬೇಡಿ.

ಆರಿಸುವಾಗ ನೋಡಬೇಕಾದ್ದು ಹರಳಿನ ಅಂಚಿನ ಪುಟ್ಟ ಓರೆ ಮುಖ. ಎಲ್ಲವನ್ನೂ ಒಂದೇ ದಿಕ್ಕಿಗೆ ನಿಲ್ಲಿಸಿ ಲೆನ್ಸಿನಲ್ಲಿ ನೋಡಿದರೆ ಕೆಲವಕ್ಕೆ ಅದು ಬಲಕ್ಕೆ, ಕೆಲವಕ್ಕೆ ಎಡಕ್ಕೆ ಇರುತ್ತದೆ. ಬೇಗ ಆರಿದ ದ್ರಾವಣದಲ್ಲಿ ಈ ಮುಖ ಮೂಡುವುದೇ ಇಲ್ಲ, ಹರಳುಗಳೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎರಡು ರಾಶಿಗಳನ್ನೂ ಒಂದೇ ಸಾಂದ್ರತೆಯಲ್ಲಿ ಕರಗಿಸಿ, ಬೆಳಕು ಎಷ್ಟು ತಿರುಗಿತೆಂದು ಅಳೆಯುವ ಪೋಲಾರಿಮೀಟರಿಗೆ ಹಾಕಿ: ಬೆಳಕು ಒಂದರಲ್ಲಿ ಎಷ್ಟು ಬಲಕ್ಕೋ ಇನ್ನೊಂದರಲ್ಲಿ ಅಷ್ಟೇ ಎಡಕ್ಕೆ ತಿರುಗಬೇಕು. ಕೋನ ಕಡಿಮೆ ಬಂತೆಂದರೆ ರಾಶಿಯಲ್ಲಿ ಕಲಬೆರಕೆಯಾಗಿದೆ. ಅನುಮಾನ ಬಂದ ಹರಳನ್ನು ಯಾವ ರಾಶಿಗೂ ಸೇರಿಸದೆ ಮತ್ತೆ ದ್ರಾವಣಕ್ಕೇ ಹಾಕುವುದು ಒಳ್ಳೆಯದು.