ಸೆಣಬಿನ ಊರಿನ ಬ್ರಯನ್ ಕಾಕ್ಸ್

ಬ್ರಯನ್ ಕಾಕ್ಸ್ ಎಂಬ ಹೆಸರು ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಫೋಟೋ ತೋರಿಸಿದರೆ ಮಾತ್ರ ‘ಓ, ಇವರೇ!’ ಎನ್ನುತ್ತಾರೆ. ‘ಟ್ರಾಯ್’ ಚಿತ್ರದ ದುರಾಸೆಯ ರಾಜ ಅಗಮೆಮ್ನಾನ್, ‘ಬ್ರೇವ್‌ಹಾರ್ಟ್’ನಲ್ಲಿ ತಬ್ಬಲಿ ಹುಡುಗ ವಾಲೇಸನನ್ನು ಸಾಕಲು ಕರೆದೊಯ್ಯುವ ಚಿಕ್ಕಪ್ಪ, ‘ಸಕ್ಸೆಷನ್’ ಧಾರಾವಾಹಿಯಲ್ಲಿ ಹೆತ್ತ ಮಕ್ಕಳನ್ನೇ ಬೈದು ಹಣ್ಣುಮಾಡುವ ಮಾಧ್ಯಮ ದೊರೆ ಲೋಗನ್ ರಾಯ್. ನಾನೀಗ ಇರುವ ಸ್ಕಾಟ್ಲೆಂಡಿನ ಡಂಡೀ ಅವರ ಹುಟ್ಟೂರು. ಇಲ್ಲಿನ ಹಿರಿಯರ ಮುಂದೆ ಅವರ ಮಾತೆತ್ತಿದರೆ ಸಿನಿಮಾದ ಸುದ್ದಿ ಆಮೇಲೆ. ಮೊದಲು ಬರುವುದು ಅವರ ಅಮ್ಮನ ಸುದ್ದಿ, ಗಿರಣಿಯ ಸುದ್ದಿ.

ಆದ್ದರಿಂದ ನಾನೂ ಗಿರಣಿಯಿಂದಲೇ ಶುರುಮಾಡುತ್ತೇನೆ. ನಾವು ರಾಗಿ, ಕಡಲೆಕಾಯಿ, ಕಾಫಿಬೀಜ ತುಂಬುವ ಗೋಣಿಚೀಲದ ಜಾತಕದಲ್ಲಿ ಈ ಊರಿಗೂ ಒಂದು ಮನೆ ಇದೆ. ಬಂಗಾಳದ ಸೆಣಬು ಹಡಗಿನಲ್ಲಿ ಇಲ್ಲಿಗೆ ಬರುತ್ತಿತ್ತು. ಯಂತ್ರಕ್ಕೆ ಕೊಟ್ಟರೆ ಒರಟು ನಾರು ತುಂಡಾಗುತ್ತಿತ್ತು. ಡಂಡೀ ತಿಮಿಂಗಿಲ ಬೇಟೆಯ ಬಂದರೂ ಆಗಿದ್ದರಿಂದ ಇಲ್ಲಿ ತಿಮಿಂಗಿಲದ ಎಣ್ಣೆಗೆ ಬರವಿರಲಿಲ್ಲ. ಅದನ್ನು ಸವರಿ ನಾರನ್ನು ಮೆತ್ತಗೆ ಮಾಡಿದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸುಮಾರು 50,000 ಜನ ಸೆಣಬಿನ ಕೆಲಸದಲ್ಲಿದ್ದರು, ಅವರಲ್ಲಿ ಹೆಂಗಸರೇ ಹೆಚ್ಚು. ಹೆಂಗಸರಿಗೆ ಕಡಿಮೆ ಕೂಲಿ ಸಾಕಾಗುತ್ತಿತ್ತಲ್ಲ! ಕೆಲಸವಿಲ್ಲದೆ ಮನೆಯಲ್ಲಿ ಉಳಿದ ಗಂಡಸರಿಗೆ ‘ಕೆಟಲ್ ಕಾಯಿಸುವವರು’ ಎಂಬ ಅಡ್ಡಹೆಸರೂ ಬಿತ್ತು. ಮುಂದೆ ಇದೇ ಊರಿನವರು ಮೇಲ್ವಿಚಾರಕರಾಗಿ ಹೂಗ್ಲಿ ದಂಡೆಯ ಗಿರಣಿಗಳಿಗೆ ಹೋದರು, ಕಲ್ಕತ್ತೆ ಡಂಡೀಯನ್ನು ಹಿಂದೆ ಹಾಕಿತು. ಲಾಕಿ ಬಡಾವಣೆಯಲ್ಲಿ ‘ಕಾಕ್ಸ್ ಸ್ಟ್ಯಾಕ್’ ಎಂಬ 280 ಅಡಿಗೂ ಎತ್ತರದ ಇಟ್ಟಿಗೆಯ ಚಿಮಣಿ ಇಂದಿಗೂ ನಿಂತಿದೆ. ಅದು ಗಿರಣಿ ಮಾಲೀಕರಾದ ಕಾಕ್ಸ್ ಸಹೋದರರದು. ನಮ್ಮ ನಟರು ಅದೇ ಹೆಸರಿನವರಾದರೂ ಗಿರಣಿಯಲ್ಲಿ ದುಡಿದವರ ಕಡೆಯವರು.

1946ರ ಜೂನ್ 1ರಂದು ಹುಟ್ಟಿದ ಬ್ರಯನ್ ಐದು ಮಕ್ಕಳಲ್ಲಿ ಕೊನೆಯವರು. ತಾಯಿ ಸೆಣಬಿನ ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದವರು. ತಂದೆಯದು ಅಂಗಡಿ, ಬಡ ಗಿರಾಕಿಗಳಿಗೆ ಉದ್ದರಿ ಕೊಡುವುದರಲ್ಲಿ ಧಾರಾಳಿ. ಬ್ರಯನ್‌ಗೆ ಎಂಟು ವರ್ಷವಾದಾಗ ತಂದೆ ಕ್ಯಾನ್ಸರಿನಿಂದ ತೀರಿಕೊಂಡರು, ಮನೆಯಲ್ಲಿ ಕಾಸು ಉಳಿದಿರಲಿಲ್ಲ. ತಾಯಿಯ ಮನಸ್ಸು ಮತ್ತೆ ಮತ್ತೆ ಕುಸಿಯಿತು. ಹುಡುಗನನ್ನು ಬೆಳೆಸಿದವರು ಅಕ್ಕಂದಿರು. ನನಗೆ ಅವರ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪಾತ್ರ ಈ ಅಕ್ಕಂದಿರದೇ ಅನ್ನಿಸುತ್ತದೆ, ಸಂದರ್ಶನ ಮಾಡುವವರು ಅವರ ಬಗ್ಗೆ ಕೇಳುವುದು ಮಾತ್ರ ಕಡಿಮೆ.

ಶಾಲೆ ಬಿಟ್ಟ ಹುಡುಗ ಹದಿಹರೆಯದಲ್ಲೇ ಡಂಡೀ ರೆಪರ್ಟರಿ ಥಿಯೇಟರ್ ಸೇರಿದ. ಇಲ್ಲಿ ಎಲ್ಲರೂ ಅದನ್ನು ‘ರೆಪ್’ ಎನ್ನುತ್ತಾರೆ. ನಮ್ಮ ರಂಗಾಯಣದ ಹಾಗೆ ಸಂಬಳದ ಕಲಾವಿದರಿರುವ ತಂಡ. ನೆಲ ಗುಡಿಸುವುದು, ಹೇಳಿದ ಕೆಲಸಕ್ಕೆ ಓಡುವುದು, ಅಗತ್ಯ ಬಿದ್ದರೆ ಸಣ್ಣ ಪಾತ್ರ. ಅಲ್ಲಿಂದ ಲಂಡನ್ನಿನ ‘ಲ್ಯಾಮ್ಡಾ’ ನಾಟಕ ಶಾಲೆಗೆ. ಆ ಕಾಲದಲ್ಲಿ ಬ್ರಿಟನ್ನಿನಲ್ಲಿ ಇಂಥ ಮಕ್ಕಳ ಶುಲ್ಕವನ್ನೂ ಊಟ-ವಸತಿಯನ್ನೂ ಸಾರ್ವಜನಿಕ ಅನುದಾನ ನೋಡಿಕೊಳ್ಳುತ್ತಿತ್ತು. ಅದಿಲ್ಲದಿದ್ದರೆ ತಾನು ನಟನಾಗುತ್ತಿರಲಿಲ್ಲ, ಇಂದಿನ ಬಡ ಮಕ್ಕಳಿಗೆ ಆ ದಾರಿ ಮುಚ್ಚಿಹೋಗಿದೆ ಎಂದು ಕಾಕ್ಸ್ ಸಿಕ್ಕಿದಲ್ಲೆಲ್ಲ ಗೊಣಗುತ್ತಾರೆ. ಅವರ ಬೇರೆ ಕೆಲವು ಗೊಣಗಾಟಗಳನ್ನು ನಾನು ಒಪ್ಪುವುದಿಲ್ಲ, ಇದನ್ನು ಪೂರ್ತಿ ಒಪ್ಪುತ್ತೇನೆ. ಈಗ ಲಂಡನ್ನಿನ ಬಾಡಿಗೆ ಕೇಳಿದರೆ ಒಳ್ಳೆಯ ಸಂಬಳದವರೇ ಬೆವರುತ್ತಾರೆ.

ಮುಂದಿನ ಐವತ್ತು ವರ್ಷ ದುಡಿಮೆ, ಬಿಡುವಿಲ್ಲದ ದುಡಿಮೆ. 1971ರಲ್ಲಿ ಸಿನಿಮಾದಲ್ಲಿ ರಷ್ಯದ ಕ್ರಾಂತಿಕಾರಿ ಟ್ರಾಟ್ಸ್ಕಿಯ ಪಾತ್ರ. 1987ರಲ್ಲಿ ರಾಯಲ್ ಷೇಕ್ಸ್‌ಪಿಯರ್ ಕಂಪನಿಯ ‘ಟೈಟಸ್ ಆಂಡ್ರಾನಿಕಸ್’, ಅದಕ್ಕೆ ಲಂಡನ್ ರಂಗಭೂಮಿಯ ದೊಡ್ಡ ಗೌರವವಾದ ಒಲಿವಿಯೆ ಪ್ರಶಸ್ತಿ. ನಡುವೆ ಮಾಸ್ಕೋಗೆ ಹೋಗಿ ರಷ್ಯನ್ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ನರಭಕ್ಷಕ ಹ್ಯಾನಿಬಲ್ ಲೆಕ್ಟರ್ ಪಾತ್ರವನ್ನು ತೆರೆಯ ಮೇಲೆ ಮೊದಲು ಮಾಡಿದವರೂ ಇವರೇ, 1986ರ ‘ಮ್ಯಾನ್‌ಹಂಟರ್’ನಲ್ಲಿ. ಅದು ಬಂದದ್ದೇ ಜನಕ್ಕೆ ತಿಳಿಯಲಿಲ್ಲ. ಐದು ವರ್ಷದ ನಂತರ ಅದೇ ಪಾತ್ರ ಆಂಥನಿ ಹಾಪ್ಕಿನ್ಸ್‌ಗೆ ಆಸ್ಕರ್ ತಂದುಕೊಟ್ಟಿತು. ತಮಾಷೆಯೆಂದರೆ, ಕಾಕ್ಸ್ ಲೆಕ್ಟರ್ ಆಗಿದ್ದ ಹೊತ್ತಿಗೆ ಹಾಪ್ಕಿನ್ಸ್ ನ್ಯಾಷನಲ್ ಥಿಯೇಟರಿನ ಕಿಂಗ್ ಲಿಯರ್; ಹಾಪ್ಕಿನ್ಸ್ ಲೆಕ್ಟರ್ ಆಗುವ ಹೊತ್ತಿಗೆ ಅದೇ ರಂಗಮಂದಿರದಲ್ಲಿ ಲಿಯರ್ ಕಾಕ್ಸ್. 2001ರಲ್ಲಿ ನಾಜಿ ನಾಯಕ ಗೋರಿಂಗ್ ಪಾತ್ರಕ್ಕೆ ಅಮೆರಿಕದ ಟೀವಿ ಪ್ರಶಸ್ತಿ ಎಮ್ಮಿ ಬಂತು. ಆದರೂ ಬೀದಿಯಲ್ಲಿ ಜನ ತಡೆದು ನಿಲ್ಲಿಸುವಂಥ ಹೆಸರು ಬಂದದ್ದು 2018ರಲ್ಲಿ ಶುರುವಾದ ‘ಸಕ್ಸೆಷನ್’ನಿಂದ, ಎಪ್ಪತ್ತು ದಾಟಿದ ಮೇಲೆ.

ಲೋಗನ್ ರಾಯ್ ಮೊದಲು ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿದವನೆಂದೇ ಲೆಕ್ಕವಾಗಿತ್ತು. ಮೊದಲ ಸರಣಿ ಮುಗಿಯುತ್ತ ಬಂದಾಗ ಬರಹಗಾರರು ಸದ್ದಿಲ್ಲದೆ ಅದನ್ನು ಡಂಡೀ ಎಂದು ಬದಲಿಸಿದರು. ಕಾಕ್ಸ್‌ಗೆ ಸಹನಟರೊಬ್ಬರ ಬಾಯಿಂದ ತಿಳಿಯಿತಂತೆ. 2019ರಲ್ಲಿ ಚಿತ್ರತಂಡ ಇಲ್ಲಿಗೇ ಬಂದು ‘ಡಂಡೀ’ ಎಂಬ ಕಂತನ್ನು ಚಿತ್ರೀಕರಿಸಿತು. ಅದರಲ್ಲಿ ಲೋಗನ್‌ಗೆ ಹುಟ್ಟೂರಿಗೆ ಕಾಲಿಡುವುದೇ ಒಂದು ಹಿಂಸೆ. ನಿಜವಾದ ಕಾಕ್ಸ್ ಹಾಗಲ್ಲ. 2010ರಿಂದ 2016ರವರೆಗೆ ಡಂಡೀ ವಿಶ್ವವಿದ್ಯಾಲಯದ ‘ರೆಕ್ಟರ್’ ಆಗಿದ್ದರು. ನಮ್ಮ ಕುಲಪತಿ ಹುದ್ದೆ ಎಂದುಕೊಳ್ಳಬೇಡಿ. ಇದು ವಿದ್ಯಾರ್ಥಿಗಳೇ ಮತ ಹಾಕಿ ಆರಿಸಿ, ಆಡಳಿತದ ಮುಂದೆ ತಮ್ಮ ಪರವಾಗಿ ಮಾತಾಡಲು ಕೂರಿಸುವ ಸ್ಥಾನ.

2025ರ ಬೇಸಿಗೆಯಲ್ಲಿ ಅವರು ರೆಪ್‌ನ ರಂಗಕ್ಕೆ ಬಂದರು. 2008ರಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಮುಳುಗುವ ಹಂತಕ್ಕೆ ಬಂದುದರ ಕುರಿತ ನಾಟಕ. ಕಾಕ್ಸ್ ಅದರಲ್ಲಿ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್‌ನ ಭೂತ. ತನ್ನ ಹೆಸರು ಹೇಳಿಕೊಂಡು ಬ್ಯಾಂಕಿನವರು ಮಾಡಿದ್ದನ್ನು ಕಂಡು ಕೆಂಡವಾಗುವ ಭೂತ. ನಾಟಕ ಇಲ್ಲಿಂದ ಎಡಿನ್‌ಬರಾ ಉತ್ಸವಕ್ಕೆ ಹೋಯಿತು. ಅದೇ ವರ್ಷ ಅವರು ಮೊದಲ ಬಾರಿ ನಿರ್ದೇಶಿಸಿದ ‘ಗ್ಲೆನ್‌ರಾಥನ್’ ಸಿನಿಮಾ ಟೊರಾಂಟೊ ಚಿತ್ರೋತ್ಸವದಲ್ಲಿ ತೆರೆಕಂಡಿತು.

ಈ ಕಡೆ ಬರುವವರು ಎಡಿನ್‌ಬರಾ ಕೋಟೆ ನೋಡಿ ವಾಪಸಾಗಿಬಿಡುತ್ತಾರೆ. ಅಲ್ಲಿಂದ ರೈಲಿನಲ್ಲಿ ಡಂಡೀಗೆ ಒಂದು ಗಂಟೆ ಚಿಲ್ಲರೆ, ಎರಡು ದೊಡ್ಡ ಸೇತುವೆ ದಾಟಬೇಕು. ಬಂದರೆ ಮೊದಲು ವರ್ಡಂಟ್ ವರ್ಕ್ಸ್ ಎಂಬ ಹಳೆಯ ಸೆಣಬಿನ ಗಿರಣಿಯ ಮ್ಯೂಸಿಯಂಗೆ ಹೋಗಿ, ಯಂತ್ರ ಓಡಿಸಿ ತೋರಿಸಲು ಹೇಳಿ. ಆ ಸದ್ದಿನ ಪಕ್ಕದಲ್ಲಿ ಮಾತಾಡಬೇಕಾದರೆ ಎಷ್ಟು ಕೂಗಬೇಕಾಗುತ್ತದೆ ನೋಡಿ. ಗಿರಣಿಯ ಹೆಂಗಸರು ಕೈಸನ್ನೆ, ತುಟಿ ಚಲನೆಗಳಲ್ಲೇ ಇಡೀ ದಿನ ಹರಟುತ್ತಿದ್ದರಂತೆ.