ಹಲಸಿನ ಮರಕ್ಕೆ ಜೆರಾಕ್ಸ್ ಮಾಡ್ತೀರಾ?

ಆಗಸ್ಟ್ 9 ಬಂತೆಂದರೆ ಮೊಬೈಲ್ ತುಂಬ ಮೂಲನಿವಾಸಿ ದಿನದ ಶುಭಾಶಯ. ಕಳಿಸುವವರಲ್ಲಿ ಅಡಿಕೆ ತೋಟದವರೂ ಇದ್ದಾರೆ, ನಮ್ಮ ದೀವರ ಹುಡುಗರೂ ಇದ್ದಾರೆ. "ಮಲೆನಾಡಲ್ಲಿ ಹುಟ್ಟಿದ ನಾವೆಲ್ಲ ಮೂಲನಿವಾಸಿಗಳೇ ಅಲ್ವಾ ಅಣ್ಣ?" ಅಂತಾರೆ. ಕೇಳೋಕೆ ಚೆನ್ನಾಗಿದೆ. ನನಗೆ ಒಪ್ಪಿಗೆಯಿಲ್ಲ.

2007ರಲ್ಲಿ ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆ ಹೊರಡಿಸಿದಾಗ ಭಾರತ ಅದರ ಪರವಾಗಿಯೇ ಮತ ಹಾಕಿತು. ಹಾಕುತ್ತಲೇ, ಸ್ವಾತಂತ್ರ್ಯ ಬಂದಾಗ ಇಲ್ಲಿದ್ದ ಜನರೆಲ್ಲ, ಅವರ ಮಕ್ಕಳು ಮೊಮ್ಮಕ್ಕಳೆಲ್ಲ ಮೂಲನಿವಾಸಿಗಳೇ ಎಂಬ ವಾದವನ್ನೂ ಇಟ್ಟಿತು. ಎಲ್ಲರೂ ಹೌದು ಅಂದಮೇಲೆ ಯಾರ ಹಕ್ಕು ಅಂತ ಕೇಳೋದು? ನಮ್ಮ ಹುಡುಗರೂ ಗೊತ್ತಿಲ್ಲದೆ ಅದನ್ನೇ ಹೇಳುತ್ತಿದ್ದಾರೆ.

ನನ್ನದು ಹೊಸನಗರದ ಕಡೆ ಒಂದು ಜೆರಾಕ್ಸ್ ಅಂಗಡಿ. ಅರಣ್ಯ ಹಕ್ಕಿನ ಅರ್ಜಿ ತುಂಬಿಕೊಡುವುದೂ ಇಲ್ಲಿನ ಕೆಲಸವೇ. 2006ರ ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಜಾಗದಲ್ಲಿದ್ದರೆ ಸಾಕು. ಉಳಿದವರು ಆ ತಾರೀಖಿಗೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ಬದುಕಿದ್ದನ್ನು ತೋರಿಸಬೇಕು.

ನಮ್ಮದು ಮುಳುಗಡೆ ಮನೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನೀರು ಏರುವ ಮೊದಲೇ ಅಜ್ಜನನ್ನು ಲಾರಿ ಹತ್ತಿಸಿ ಈ ಕಾಡಿಗೆ ತಂದು ಬಿಟ್ಟರು. ಹಳೆಯ ಊರಲ್ಲಿ ನಾವು ಗದ್ದೆ ಮಾಡಿಕೊಂಡಿದ್ದವರು. 75 ವರ್ಷ ಎಲ್ಲಿಂದ ತರೋದು? ನನ್ನ ಅರ್ಜಿ ತಿರಸ್ಕಾರವಾಗಿ ಬಂತು. ಆ ಸಿಟ್ಟು ಇನ್ನೂ ಇದೆ. ಆದರೆ ಅದು ಬೇರೆ ಜಗಳ. ಗೇಣಿಯದ್ದೇ ಆಗಲಿ, ನಮ್ಮ ಗದ್ದೆಗೊಂದು ಸರ್ವೆ ನಂಬರ್ ಇತ್ತು. ಏನು ಹೋಯಿತು ಅಂತ ಬೆರಳಿಟ್ಟು ತೋರಿಸಬಹುದು.

ಹಸಲರಿಗೆ ಅದೂ ಇಲ್ಲ. ಈ ಕಡೆಯ ಕಾಡು, ತೋಟಗಳ ನಡುವೆ ತಲೆಮಾರುಗಟ್ಟಲೆ ಇದ್ದವರು ಅವರು. ಪರಿಶಿಷ್ಟ ಪಂಗಡದ ಪಟ್ಟಿಯಲ್ಲೂ ಇದ್ದಾರೆ. ಅವರಲ್ಲೊಬ್ಬ ಅಜ್ಜ ನನ್ನ ಅಂಗಡಿಗೆ ಬರುತ್ತಾರೆ. ಅಪ್ಪನಿಗಿಂತ ದೊಡ್ಡವರು, ನನ್ನನ್ನು "ನಾಯ್ಕ್ರೇ" ಅನ್ನುತ್ತಾರೆ. ಬಿಡಿಸೋಕೆ ನೋಡಿದೆ, ಆಗಲಿಲ್ಲ. ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ರೇಷನ್ ಕಾರ್ಡು, ವೋಟರ್ ಕಾರ್ಡು, ಅಷ್ಟೇ ಅವರ ದಾಖಲೆ.

"ಇನ್ನೇನಾದ್ರೂ ಇದೆಯಾ ಅಜ್ಜ?"

"ಅಪ್ಪ ನೆಟ್ಟ ಹಲಸಿನ ಮರ ಐತೆ. ಚೌಡಿ ಕಲ್ಲೈತೆ. ನಮ್ಮೋರ್ನ ಮಣ್ಣು ಮಾಡಿದ ಜಾಗ ಐತೆ. ಹಲಸಿನ ಮರಕ್ಕೆ ಜೆರಾಕ್ಸ್ ಮಾಡ್ತೀರಾ ನಾಯ್ಕ್ರೇ?"

ನಗಬೇಡಿ. ಕಾಯ್ದೆಯ ನಿಯಮಗಳಲ್ಲಿ ಹಳೆ ಮನೆ, ಬಾವಿ, ಸ್ಮಶಾನ, ದೇವರ ಜಾಗ ಎಲ್ಲವೂ ಸಾಕ್ಷಿಯೇ. ಅರ್ಜಿದಾರನಲ್ಲದ ಬೇರೆ ಹಿರಿಯರು ಹೇಳಿದ್ದನ್ನು ಬರೆದುಕೊಂಡರೂ ನಡೆಯುತ್ತದೆ. ಕೌಂಟರಿನಲ್ಲಿ ಕೇಳುವುದು ಮಾತ್ರ ಕಾಗದ.

ಕಾಗದ ಯಾರ ಹತ್ತಿರ ಇದೆ? ತೋಟದವರಿಗೆ ಸೊಪ್ಪಿನಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಹಕ್ಕು ಹಳೇ ದಾಖಲೆಗಳಲ್ಲೇ ಬರೆದಿದೆ. ಆ ಬೆಟ್ಟದ ಸೊಪ್ಪು ಕಡಿದು, ಹೊರೆ ಹೊತ್ತು, ಅಡಿಕೆ ಬುಡಕ್ಕೆ ಹಾಕಿದ ಹಸಲರ ಹೆಸರು ಎಲ್ಲಿದೆ? ಒಂದೇ ಬೆಟ್ಟ, ಒಂದೇ ಸೊಪ್ಪು. ಒಬ್ಬರದ್ದು ಹಕ್ಕು, ಇನ್ನೊಬ್ಬರದ್ದು ಕೂಲಿ, ಎಷ್ಟೋ ಕಡೆ ಜೀತ. ಸರ್ವೆ ಸರಪಳಿ ಬರುವ ಮೊದಲೇ ಇಲ್ಲಿ ಬದುಕಿದ್ದು, ಬರೆಯುವಾಗ ಬಿಟ್ಟುಹೋದವರು. ಮೂಲನಿವಾಸಿ ಅಂದರೆ ನನ್ನ ಕಣ್ಣಿಗೆ ಬರುವುದು ಅವರೇ. ಯಾರು ಮೊದಲು ಬಂದರು ಅಂತ ಸಾವಿರ ವರ್ಷ ಹಿಂದೆ ಹೋಗಿ ಹುಡುಕುವುದು ಸುಮ್ನೆ ಕಾಲಹರಣ.

ಹಾಗಂತ ಕಾಡಿನ ಜನ ಎಂದರೆ ಮುಗ್ಧರು ಅಂತ ಹೊಗಳುವುದೂ ನನಗೆ ಹಿಡಿಸದು. ಈ ಅಜ್ಜ ಪಕ್ಕಾ ವ್ಯವಹಾರಸ್ಥರು, ಪ್ರತಿ ಸಲವೂ ಜೆರಾಕ್ಸ್ ದುಡ್ಡಿಗೆ ಚೌಕಾಸಿ. ಮಳೆಗಾಲದಲ್ಲಿ ಉಪ್ಪಾಗೆ ಎಂಬ ಕಾಡಿನ ಹುಳಿಹಣ್ಣು ಆರಿಸಿ, ಸಿಪ್ಪೆ ಬಿಡಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸುತ್ತಾರೆ. ಕಪ್ಪಾಗಿ ಚರ್ಮದ ಹಾಗೆ ಬಾಗಬೇಕು, ಮುರಿಯಬಾರದು. ಬೀಜದಿಂದ ತುಪ್ಪ ತೆಗೆಯುತ್ತಾರೆ. ಉಪ್ಪಾಗೆಗೆ ರೇಟು ಏರಿದಾಗ ಹೊರಗಿನವರು ಬಂದು ಕೊಂಬೆಗಳನ್ನೇ ಕಡಿದರು. ಅಜ್ಜ ಕಡಿಯಲಿಲ್ಲ. ಯಾಕೆ ಅಂದರೆ, "ಬರೋ ವರ್ಷ ಅವ್ರು ಬರಲ್ಲ, ನಾನು ಬರ್ಬೇಕಲ್ಲ" ಅಂದರು.

ಅರ್ಜಿ ಕೊಟ್ಟಿದ್ದೇವೆ. ಹಲಸಿನ ಮರ, ಚೌಡಿ ಕಲ್ಲು, ಸಮಾಧಿ ಮೂರರ ಫೋಟೋ ಅಂಟಿಸಿ, ಪಕ್ಕದ ಕೇರಿಯ ಅಜ್ಜಿಯೊಬ್ಬರ ಹೇಳಿಕೆಯನ್ನೂ ಬರೆದು ಹೆಬ್ಬೆಟ್ಟು ಹಾಕಿಸಿದ್ದೇನೆ. ಇನ್ನು ಸ್ಥಳ ಪರಿಶೀಲನೆ ಬಾಕಿ. ಬರುವವರು ರಸ್ತೆಯಲ್ಲೇ ಜೀಪು ನಿಲ್ಲಿಸಿ ವಾಪಸ್ ಹೋಗಬೇಡಿ, ಕಲ್ಲಿನವರೆಗೂ ನಡೆದು ಬನ್ನಿ. ಉಂಬಳ, ಅಂದರೆ ಕಾಡಿನ ಜಿಗಣೆ, ಜಾಸ್ತಿ. ಅದನ್ನು ಬಿಡಿಸೋಕೆ ಸುಣ್ಣ ಅಜ್ಜನ ಸಂಚಿಯಲ್ಲೇ ಇರುತ್ತದೆ.